ಇಳಿಯಬೇಕಿದ್ದ ವಿಮಾನ ಮತ್ತೆ ಮೇಲೇರಿದ್ದೇಕೆ?

ಪ್ರಶ್ನೆ: ನಾನು ಉಡುಪಿಯವಳು, ನಿವೃತ್ತ ಶಿಕ್ಷಕಿ. ಮಗನ ಮನೆ ಮುಂಬೈಯಲ್ಲಿರುವುದರಿಂದ ಆಗಾಗ ವಿಮಾನದಲ್ಲಿ ಓಡಾಡುತ್ತೇನೆ. ಕಳೆದ ಜುಲೈಯಲ್ಲಿ ಮಂಗಳೂರಿಗೆ ಬರುವಾಗ ಮಳೆ ಹಿಡಿದಿತ್ತು. ಕಿಟಕಿಯಿಂದ ತೆಂಗಿನ ಮರಗಳು, ಮನೆಗಳ ಹೆಂಚು ಎಲ್ಲ ಕಾಣುತ್ತಿದ್ದವು. ಇನ್ನೇನು ಚಕ್ರ ನೆಲ ಮುಟ್ಟಬೇಕು ಎನ್ನುವಾಗ ಎಂಜಿನ್ ಅಬ್ಬರಿಸಿ ವಿಮಾನ ನೆಟ್ಟಗೆ ಮೇಲೇರಿತು. ಸ್ವಲ್ಪ ಹೊತ್ತಿನ ಮೇಲೆ ಎಂಜಿನ್ ನಿಂತೇ ಹೋಯಿತೇನೋ ಎಂಬಂತೆ ಸದ್ದಡಗಿತು. ನಿಮಿಷಗಟ್ಟಲೆ ಯಾರೂ ಏನೂ ಹೇಳಲಿಲ್ಲ. ಆಮೇಲೆ ಪೈಲಟ್ "ಅನ್‌ಸ್ಟೇಬಲ್ ಅಪ್ರೋಚ್ ಕಾರಣದಿಂದ ಗೋ-ಅರೌಂಡ್ ಮಾಡಿದೆವು" ಎಂದರು. ಪಕ್ಕದ ಸೀಟಿನವರು "ಏರ್ ಪಾಕೆಟ್‌ಗೆ ಸಿಕ್ಕಿ ಸ್ಟಾಲ್ ಆಗುವುದರಲ್ಲಿತ್ತು, ಎರಡು ಸೆಕೆಂಡಿನಲ್ಲಿ ಉಳಿದೆವು" ಎಂದರು. ಎರಡನೆಯ ಸಲ ಸುಸೂತ್ರವಾಗಿ ಇಳಿದೆವು. ಆದರೆ 2010ರ ಅಪಘಾತ ನಡೆದದ್ದು ಅದೇ ಗುಡ್ಡದಲ್ಲಿ ಎಂಬುದು ತಲೆಯಿಂದ ಹೋಗುತ್ತಿಲ್ಲ. ಈ ಪದಗಳೆಲ್ಲ ಅಪಾಯವನ್ನು ಮುಚ್ಚಿಡಲು ಬಳಸುವಂಥವೇ? ದೀಪಾವಳಿಗೆ ಮತ್ತೆ ಮುಂಬೈಗೆ ಹೋಗಿ ಬರಬೇಕು. ರೈಲೇ ವಾಸಿಯೇ? ವಿಮಾನವಾದರೆ ಯಾವ ಹೊತ್ತಿನದು, ಯಾವ ಸೀಟು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳಿವೆ. ಆ ದಿನ ನಿಜಕ್ಕೂ ಏನಾಯಿತು ಎಂಬುದು ಒಂದು. ಅರ್ಥವಾಗದ ಮಾತಿನ ಹಿಂದೆ ಏನನ್ನೋ ಬಚ್ಚಿಡುತ್ತಿದ್ದಾರೆಯೇ ಎಂಬುದು ಇನ್ನೊಂದು.

ಮೊದಲನೆಯದಕ್ಕೆ ನೇರವಾಗಿಯೇ ಹೇಳುತ್ತೇನೆ: ನೀವು ವಿವರಿಸಿದಂತೆ ನಡೆದಿದ್ದರೆ ಪೈಲಟ್ ಮಾಡಿದ್ದು ಸರಿಯಾದ ಕೆಲಸ. ವಿಮಾನ ಸ್ಟಾಲ್ ಆಗುವುದರಲ್ಲಿತ್ತು ಎನ್ನಲು ನಿಮ್ಮ ವಿವರಣೆಯಲ್ಲಿ ಒಂದು ಲಕ್ಷಣವೂ ಇಲ್ಲ. ಏರ್ ಪಾಕೆಟ್ ಎಂಬ ವಸ್ತುವೇ ಆಕಾಶದಲ್ಲಿಲ್ಲ. ಗೋ-ಅರೌಂಡ್ ಎಂದರೆ ಇಳಿಯುವ ಪ್ರಯತ್ನವನ್ನು ಕೈಬಿಟ್ಟು ಮೇಲೇರಿ, ಒಂದು ಸುತ್ತು ಹಾಕಿ ಮತ್ತೆ ಬರುವುದು, ಅಷ್ಟೇ. ಅಂದು ನಿಮ್ಮ ಕಿವಿಗೆ ಬಿದ್ದ ಪದಗಳಲ್ಲಿ ನಾನು ಗಂಭೀರವಾಗಿ ತೆಗೆದುಕೊಳ್ಳುವುದು 'ಅನ್‌ಸ್ಟೇಬಲ್ ಅಪ್ರೋಚ್' ಎಂಬ ಸಪ್ಪೆಯಾದ, ಕಚೇರಿಯ ಕಡತದಲ್ಲಿ ಬರುವಂಥ ಪದವನ್ನು. ಜನ ಅದನ್ನು ಕೇಳಿ ಹೆದರುವುದಿಲ್ಲ, ಸ್ಟಾಲ್ ಎಂದರೆ ನಡುಗುತ್ತಾರೆ. ವಿಮಾನಯಾನದಲ್ಲಿ ಪದದ ಗಡಸಿಗೂ ನಿಜವಾದ ಅಪಾಯಕ್ಕೂ ತಾಳೆಯಾಗುವುದು ಅಪರೂಪ.

ವಿಮಾನ ರನ್‌ವೇ ಕಡೆಗೆ ಸುಮಾರು 3 ಡಿಗ್ರಿ ಇಳಿಜಾರಿನಲ್ಲಿ ಬರುತ್ತದೆ, ಇದನ್ನೇ ಅಪ್ರೋಚ್ ಎನ್ನುವುದು. ಅಂದರೆ ಒಂದು ಕಿಲೋಮೀಟರ್ ಮುಂದೆ ಬಂದಂತೆ ಸುಮಾರು 50 ಮೀಟರ್ ಕೆಳಗಿಳಿಯುತ್ತದೆ. ಮೋಡ ಕವಿದಿದ್ದರೆ ರನ್‌ವೇಯಿಂದ 1,000 ಅಡಿ ಎತ್ತರಕ್ಕೆ ಬರುವಷ್ಟರಲ್ಲಿ, ಎಲ್ಲ ಸ್ಪಷ್ಟವಾಗಿ ಕಾಣುವಂತಿದ್ದರೆ 500 ಅಡಿಗೆ ಬರುವಷ್ಟರಲ್ಲಿ, ಕೆಲವು ವಿಷಯಗಳು ಸರಿಹೊಂದಿರಲೇಬೇಕು ಎಂಬುದು ಸಾಮಾನ್ಯವಾಗಿ ಪಾಲಿಸುವ ನಿಯಮ. ಚಕ್ರಗಳು ಹೊರಬಂದು ಲಾಕ್ ಆಗಿರಬೇಕು. ರೆಕ್ಕೆಯ ಹಿಂಬದಿಯ ಫ್ಲ್ಯಾಪ್‌ಗಳು ಇಳಿಯುವ ಸ್ಥಿತಿಯಲ್ಲಿರಬೇಕು. ವೇಗ ನಿಗದಿತ ಮಿತಿಯೊಳಗಿರಬೇಕು, ಇಳಿಯುವ ದರ ನಿಮಿಷಕ್ಕೆ 1,000 ಅಡಿಯನ್ನು ಮೀರಬಾರದು, ಎಂಜಿನ್ ತೀರಾ ಮಂದವಾಗಿ ಸುತ್ತುತ್ತಿರಬಾರದು. ಇವುಗಳಲ್ಲಿ ಒಂದು ತಪ್ಪಿದರೂ, ಅಥವಾ ಅದಕ್ಕಿಂತ ಕೆಳಗೆ ಬಂದ ಮೇಲೆ ಗಾಳಿ ಎಲ್ಲವನ್ನೂ ಕೆಡಿಸಿದರೂ, ಆ ಅಪ್ರೋಚ್ ಅನ್‌ಸ್ಟೇಬಲ್. ಉಪಾಯ ಒಂದೇ, ಗೋ-ಅರೌಂಡ್.

ಎಂಜಿನ್ ಮಂದವಾಗಿರಬಾರದು ಎಂಬ ಕೊನೆಯ ಷರತ್ತು ಯಾಕೆಂದು ಹೇಳುತ್ತೇನೆ, ಏಕೆಂದರೆ ಪ್ರಯಾಣಿಕರಿಗೆ ಅದು ಗೊತ್ತಿರುವುದಿಲ್ಲ. ಜೆಟ್ ಎಂಜಿನ್ ಕಾರಿನ ಎಂಜಿನ್ನಿನಂತೆ ತಕ್ಷಣ ಎಚ್ಚೆತ್ತುಕೊಳ್ಳುವುದಿಲ್ಲ. ತೀರಾ ಕಡಿಮೆ ಸುತ್ತಿನಲ್ಲಿದ್ದರೆ ಪೂರ್ಣ ಬಲಕ್ಕೆ ಬರಲು ಹಲವು ಸೆಕೆಂಡು ಬೇಕು. ಹಾಗಾಗಿ ಇಳಿಯುವ ಹೊತ್ತಿನಲ್ಲಿ ಎಂಜಿನ್ನನ್ನು ಸ್ವಲ್ಪ ಎಚ್ಚರದಲ್ಲೇ ಇಟ್ಟಿರುತ್ತಾರೆ, ಬೇಕೆಂದಾಗ ಬಲ ಸಿಗಲಿ ಎಂದು. ನೀವು ಕೇಳಿದ ಅಬ್ಬರ ಆ ಸಿದ್ಧತೆ ಕೆಲಸಕ್ಕೆ ಬಂದ ಸದ್ದು.

ಮಂಗಳೂರು ವಿಮಾನ ನಿಲ್ದಾಣವಿರುವ ಬಜಪೆಯ ರನ್‌ವೇ ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿ ಕಟ್ಟಿದ್ದು. ಎರಡೂ ತುದಿಗಳಾಚೆ ಇಳಿಜಾರು. ಮಳೆಗಾಲದ ಬಲವಾದ ಗಾಳಿ ಗುಡ್ಡದ ಮಗ್ಗುಲಿಗೆ ಬಡಿದು ಮೇಲಕ್ಕೆ ನುಗ್ಗುತ್ತದೆ, ಇನ್ನೊಂದು ಬದಿಯಲ್ಲಿ ಕೆಳಕ್ಕೆ ಜಾರುತ್ತದೆ. ರನ್‌ವೇ ಅಂಚಿನ ಬಳಿ ಕೆಲವೇ ಸೆಕೆಂಡಿನಲ್ಲಿ ಗಾಳಿಯ ವೇಗವೋ ದಿಕ್ಕೋ ಬದಲಾಗಬಹುದು. ಇದನ್ನೇ ವಿಂಡ್ ಶಿಯರ್ ಎನ್ನುವುದು. ಮರಗಳು ಕಾಣುವಷ್ಟು ಕೆಳಗೆ ಬಂದ ಮೇಲೂ ವಿಮಾನ ಮೇಲೇರಲು ಇಂಥ ಒಂದು ಗಾಳಿ ಸಾಕು. ನಿಮಗಿಂತ ಮುಂಚೆ ಇಳಿದ ವಿಮಾನ ಇನ್ನೂ ರನ್‌ವೇ ಬಿಟ್ಟಿಲ್ಲ ಎಂಬುದೂ ಕಾರಣವಿರಬಹುದು, ನಾಯಿಯೊಂದು ಅಡ್ಡ ಬಂದದ್ದೂ ಇರಬಹುದು. ನಿಮ್ಮ ಪೈಲಟ್ ಕಾರಣ ಹೇಳಿದ್ದಾರೆ, ಅದನ್ನು ನಂಬಬಹುದು.

ಈಗ 2010ರ ವಿಷಯ. ನೀವೇ ಎತ್ತಿದ್ದೀರಿ, ನಾನು ನುಣುಚಿಕೊಳ್ಳುವುದಿಲ್ಲ. ಆ ವರ್ಷದ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ಬೋಯಿಂಗ್ 737-800 ವಿಮಾನ ಬಜಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಬಿತ್ತು. ಅದರಲ್ಲಿದ್ದ 166 ಮಂದಿಯಲ್ಲಿ 158 ಮಂದಿ ತೀರಿಕೊಂಡರು. ತನಿಖಾ ನ್ಯಾಯಾಲಯ ಮುಖ್ಯ ಕಾರಣವೆಂದು ಹೇಳಿದ್ದು ಇಷ್ಟು: ವಿಮಾನ ಬರಬೇಕಾದ್ದಕ್ಕಿಂತ ತೀರಾ ಎತ್ತರದಲ್ಲಿ, ಹೆಚ್ಚಿನ ವೇಗದಲ್ಲಿ ಬರುತ್ತಿತ್ತು. ಸಹ ಪೈಲಟ್ ಮೂರು ಸಲ ಗೋ-ಅರೌಂಡ್ ಎಂದು ಹೇಳಿದರೂ, ಯಂತ್ರದ ಎಚ್ಚರಿಕೆ ಮೊಳಗಿದರೂ, ಕ್ಯಾಪ್ಟನ್ ಅಪ್ರೋಚ್ ಕೈಬಿಡಲಿಲ್ಲ. 2,450 ಮೀಟರ್ ರನ್‌ವೇಯಲ್ಲಿ ಸುಮಾರು 1,580 ಮೀಟರ್ ಮುಗಿದ ಮೇಲೆ ಚಕ್ರ ನೆಲ ಮುಟ್ಟಿತು. ಬ್ರೇಕ್ ಒತ್ತಿ, ಎಂಜಿನ್ನಿನ ಬಲವನ್ನು ಮುಂದಕ್ಕೆ ತಿರುಗಿಸುವ ರಿವರ್ಸರ್ ತೆರೆದ ಮೇಲೆ ಕ್ಯಾಪ್ಟನ್ ಮತ್ತೆ ಮೇಲೇರಲು ಯತ್ನಿಸಿದರು. ಆ ಹಂತದಲ್ಲಿ ಅದನ್ನು ಮಾಡುವಂತಿಲ್ಲ. ರಿವರ್ಸರ್ ತೆರೆದರೆ ನಿಲ್ಲಲೇಬೇಕು ಎಂಬುದು ನಿಯಮ.

2020ರ ಆಗಸ್ಟ್ 7ರಂದು ಕೋಯಿಕ್ಕೋಡಿನಲ್ಲಿ, ಅದೂ ಗುಡ್ಡದ ನೆತ್ತಿಯ ರನ್‌ವೇಯೇ, ಹೆಚ್ಚುಕಡಿಮೆ ಇದೇ ಕಥೆ ನಡೆಯಿತು. ಮಳೆ, ಬೆನ್ನ ಹಿಂದಿನಿಂದ ಗಾಳಿ, ಅರ್ಧ ರನ್‌ವೇ ಕಳೆದ ಮೇಲೆ ನೆಲ ಮುಟ್ಟಿದ ವಿಮಾನ. 21 ಮಂದಿ ಹೋದರು. ಅಲ್ಲಿಯೂ ಇನ್ನೊಬ್ಬ ಪೈಲಟ್ ಗೋ-ಅರೌಂಡ್ ಎಂದಿದ್ದರು.

ನಿಮ್ಮ ವಿಮಾನ ಮೇಲೇರಿದ್ದು ಈ ಎರಡು ದುರಂತಗಳಲ್ಲಿ ನಡೆಯದೇ ಹೋದ ಕೆಲಸ. ಗುಡ್ಡ ಅದೇ, ನಿರ್ಧಾರ ಬೇರೆ. ಮಲ್ಪೆಯಲ್ಲಿ ಮೀನಿಗೆ ಹೋದ ದೋಣಿಗಳು ಮಳೆಗಾಲದ ಹೊತ್ತಿಗೆ ಅಳಿವೆಯ ಬಾಯಿಗೆ ಬಂದು, ಅಲೆ ಸರಿಯಿಲ್ಲವೆಂದು ಕಂಡರೆ ಒಳಗೆ ನುಗ್ಗದೆ ಮೂತಿ ತಿರುಗಿಸಿ ಕಡಲಿಗೆ ಹೋಗಿ ಕಾಯುವುದನ್ನು ನೀವು ನೋಡಿರಬಹುದು. ದಡದಲ್ಲಿ ನಿಂತವರು ಅದನ್ನು ಹೆದರಿಕೆ ಎನ್ನುವುದಿಲ್ಲ.

ಹಾಗಿದ್ದರೆ ಪೈಲಟ್‌ಗಳು ಯಾಕೆ ಮುಂದುವರಿಯುತ್ತಾರೆ? ಫ್ಲೈಟ್ ಸೇಫ್ಟಿ ಫೌಂಡೇಶನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಅಧ್ಯಯನದ ಪ್ರಕಾರ ಅನ್‌ಸ್ಟೇಬಲ್ ಅಪ್ರೋಚ್‌ಗಳಲ್ಲಿ ಗೋ-ಅರೌಂಡ್ ಆಗಿ ಮುಗಿಯುವುದು ನೂರಕ್ಕೆ ಸುಮಾರು 3 ಮಾತ್ರ. ಉಳಿದವರು ಇಳಿದುಬಿಡುತ್ತಾರೆ, ಬಹುಪಾಲು ಸಲ ಏನೂ ಆಗುವುದಿಲ್ಲ. ತೊಂದರೆ ಇರುವುದೇ ಅಲ್ಲಿ. ನೆಲದ ಮೇಲೇ ಹಾರಾಟದ ಅಭ್ಯಾಸ ಮಾಡಿಸುವ ಸಿಮ್ಯುಲೇಟರಿನಲ್ಲಿ ಪೈಲಟ್‌ಗಳಿಗೆ ಪಾಠ ಹೇಳುವಾಗ ನಾನು ಮತ್ತೆ ಮತ್ತೆ ಕಂಡದ್ದು ಇದನ್ನೇ. ಗೋ-ಅರೌಂಡ್‌ನ ಕೈಕೆಲಸ ಯಾರಿಗೂ ಕಷ್ಟವಲ್ಲ, ನಿರ್ಧಾರ ಕಷ್ಟ. ರನ್‌ವೇ ಕಣ್ಣೆದುರಿಗಿದೆ, ಪ್ರಯಾಣ ಮುಗಿಯುತ್ತಿದೆ, ಇನ್ನೊಂದಿಷ್ಟು ಸರಿಪಡಿಸಿದರೆ ಆಯಿತು ಎಂದು ಮನಸ್ಸು ಹೇಳುತ್ತಿರುತ್ತದೆ. ಅದಕ್ಕಾಗಿಯೇ ಇಂದು ಗೋ-ಅರೌಂಡ್ ಮಾಡಿದ ಪೈಲಟ್‌ಗೆ ದಂಡನೆ ಕೂಡದು ಎಂಬ ನೀತಿಯನ್ನು ವಿಮಾನ ಸಂಸ್ಥೆಗಳು ಒಪ್ಪಿಕೊಂಡಿವೆ. ಇಬ್ಬರಲ್ಲಿ ಯಾರು ಆ ಪದ ಹೇಳಿದರೂ ಇನ್ನೊಬ್ಬರು ವಾದಿಸದೆ ಮೇಲೇರಬೇಕು ಎಂದೂ ಕಲಿಸುತ್ತೇವೆ.

ಇನ್ನು ನಿಮ್ಮ ಮೈಗೆ ಆದ ಅನುಭವ. ವಿಮಾನ "ನೆಟ್ಟಗೆ" ಏರಿತು ಎಂದಿದ್ದೀರಿ. ಗೋ-ಅರೌಂಡ್‌ನಲ್ಲಿ ಮೂತಿ ಸುಮಾರು 15 ಡಿಗ್ರಿ ಮೇಲಕ್ಕಿರುತ್ತದೆ. ಆದರೆ ವೇಗ ಒಮ್ಮೆಲೇ ಹೆಚ್ಚುವುದರಿಂದ ಬೆನ್ನು ಸೀಟಿಗೆ ಒತ್ತುತ್ತದೆ, ಆ ಒತ್ತಡವನ್ನು ಒಳಕಿವಿ ಏರು ಎಂದೇ ಓದಿಕೊಳ್ಳುತ್ತದೆ. ಹಾಗಾಗಿ 15 ಡಿಗ್ರಿ ಅದಕ್ಕಿಂತ ಎಷ್ಟೋ ಹೆಚ್ಚೆಂದು ತೋರುತ್ತದೆ. ಆಮೇಲೆ ಎಂಜಿನ್ ನಿಂತ ಹಾಗಾದದ್ದು? ಸುತ್ತು ಹೊಡೆಯಲು ಎರಡು ಮೂರು ಸಾವಿರ ಅಡಿ ಎತ್ತರ ಸಾಕು. ಪೂರ್ಣ ಬಲದಲ್ಲಿ ಅದನ್ನು ಮುಟ್ಟಲು ಹೆಚ್ಚು ಹೊತ್ತು ಬೇಡ, ಮುಟ್ಟಿದೊಡನೆ ಬಲವನ್ನು ತಗ್ಗಿಸುತ್ತಾರೆ. ಅಬ್ಬರದ ಬೆನ್ನಿಗೇ ಬಂದ ಮೌನ ಆದ್ದರಿಂದ ಕಿವಿಗೆ ಅದು ಎಂಜಿನ್ ನಿಂತಂತೆ ಕೇಳಿಸುತ್ತದೆ. ನಿಜಕ್ಕೂ ಒಂದು ಎಂಜಿನ್ ಆ ಕ್ಷಣ ನಿಂತಿದ್ದರೂ ವಿಮಾನ ಏರುತ್ತಿತ್ತು. ಎರಡು ಎಂಜಿನ್ನಿನ ವಿಮಾನ ಒಂದೇ ಎಂಜಿನ್ನಿನಲ್ಲಿ ಗೋ-ಅರೌಂಡ್ ಮಾಡುವಾಗ ಕನಿಷ್ಠ 2.1 ಶೇಕಡಾ ಏರುಮುಖವಾಗಿ, ಅಂದರೆ ನೂರು ಮೀಟರ್ ಮುಂದೆ ಹೋದರೆ 2.1 ಮೀಟರ್ ಮೇಲಕ್ಕೆ, ಹೋಗಬಲ್ಲದು ಎಂದು ತೋರಿಸದೆ ಅದಕ್ಕೆ ಪ್ರಮಾಣಪತ್ರವೇ ಸಿಗುವುದಿಲ್ಲ. ಇಳಿಯುವಾಗ ವಿಮಾನದ ತೂಕ ಎಷ್ಟಿರಬಹುದು ಎಂಬ ಲೆಕ್ಕದಲ್ಲಿ ಇದೂ ಸೇರಿರುತ್ತದೆ.

ಪೈಲಟ್ ಮಾತಾಡದೆ ಇದ್ದದ್ದಕ್ಕೂ ಕಾರಣ ಇದೆ. ಆ ನಿಮಿಷಗಳಲ್ಲಿ ಇಬ್ಬರೂ ಚಕ್ರ ಮೇಲೆತ್ತುವುದು, ಫ್ಲ್ಯಾಪ್ ಹಂತಹಂತವಾಗಿ ಒಳಗೆಳೆಯುವುದು, ದಿಕ್ಕು ಹಿಡಿಯುವುದು, ಟವರ್‌ಗೆ, ಅಂದರೆ ನಿಲ್ದಾಣದ ನಿಯಂತ್ರಣ ಕೇಂದ್ರಕ್ಕೆ, ತಿಳಿಸುವುದು ಇಷ್ಟರಲ್ಲೇ ಮುಳುಗಿರುತ್ತಾರೆ. ಮೊದಲು ವಿಮಾನ ಹಾರಿಸು, ಆಮೇಲೆ ದಾರಿ ನೋಡು, ಮಾತು ಕೊನೆಗೆ ಎಂಬುದು ನಮ್ಮ ವೃತ್ತಿಯ ಮೊದಲ ಪಾಠ.

ಆದರೆ ಗೋ-ಅರೌಂಡ್‌ನಲ್ಲಿ ಅಪಾಯವೇ ಇಲ್ಲ ಎಂದರೆ ಅದು ಸುಳ್ಳಾಗುತ್ತದೆ. ಮೇಲೆ ಹೇಳಿದ ಒಳಕಿವಿಯ ಭ್ರಮೆ ಪೈಲಟ್‌ಗೂ ಆಗುತ್ತದೆ. 2016ರ ಮಾರ್ಚ್ 19ರಂದು ರಷ್ಯಾದ ರೊಸ್ತೋವ್‌ನಲ್ಲಿ ಕತ್ತಲಲ್ಲಿ, ಕೆಟ್ಟ ಹವೆಯಲ್ಲಿ ಎರಡನೆಯ ಗೋ-ಅರೌಂಡ್ ಮಾಡುತ್ತಿದ್ದ ವಿಮಾನದ ಮೂತಿಯನ್ನು ಪೈಲಟ್ ಕೆಳಕ್ಕೆ ಒತ್ತಿಬಿಟ್ಟು 62 ಮಂದಿ ಸತ್ತರು. ಅದಕ್ಕೇ ತರಬೇತಿಯಲ್ಲಿ ಮೈ ಹೇಳಿದ್ದನ್ನು ಬಿಟ್ಟು ಮುಂದಿರುವ ಉಪಕರಣ ತೋರಿಸುವುದನ್ನು ನಂಬುವುದನ್ನು ಅಭ್ಯಾಸ ಮಾಡಿಸುತ್ತೇವೆ. ಎರಡು ಅಪಾಯಗಳನ್ನು ತೂಗಿದರೆ, ಕೆಟ್ಟ ಅಪ್ರೋಚ್‌ನಲ್ಲಿ ನೆಲಕ್ಕಿಳಿಯುವುದಕ್ಕಿಂತ ಮೇಲೇರುವುದೇ ಮೇಲು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಸ್ಟಾಲ್ ಬಗ್ಗೆ ಬರೋಣ. ನಿಮ್ಮ ಪಕ್ಕದವರಿಗೆ ಆ ಎರಡು ಸೆಕೆಂಡಿನ ಲೆಕ್ಕ ಎಲ್ಲಿ ಸಿಕ್ಕಿತೋ ತಿಳಿಯದು. ಕಾರು ಸಿಗ್ನಲ್‌ನಲ್ಲಿ ನಿಂತುಹೋದಾಗ ಹೇಳುವ ಮಾತು ಇದೇ ಆದ್ದರಿಂದ ಹೆಚ್ಚಿನವರು ಎಂಜಿನ್ ನಿಲ್ಲುವುದನ್ನೇ ಸ್ಟಾಲ್ ಎಂದುಕೊಂಡಿದ್ದಾರೆ. ವಿಮಾನದಲ್ಲಿ ಸ್ಟಾಲ್ ಆಗುವುದು ರೆಕ್ಕೆ. ಎದುರಾಗುವ ಗಾಳಿಗೆ ರೆಕ್ಕೆ ಸ್ವಲ್ಪ ಓರೆಯಾಗಿ ನಿಂತು ಅದನ್ನು ಕೆಳಕ್ಕೆ ತಿರುಗಿಸುವುದರಿಂದ ವಿಮಾನವನ್ನು ಎತ್ತಿಹಿಡಿಯುವ ಬಲ ಹುಟ್ಟುತ್ತದೆ. ಓರೆ ಹೆಚ್ಚಿದಷ್ಟೂ ಬಲ ಹೆಚ್ಚು, ಆದರೆ ಒಂದು ಮಿತಿಯವರೆಗೆ ಮಾತ್ರ. ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸಿನಲ್ಲಿ ಗಾಳಿ ರೆಕ್ಕೆಯ ಮೇಲ್ಮೈಯನ್ನು ಬಿಟ್ಟು ಚೆದುರುತ್ತದೆ, ಬಲ ಕುಸಿಯುತ್ತದೆ. ಇದು ಗಾಳಿಗೂ ರೆಕ್ಕೆಗೂ ನಡುವಿನ ಓರೆ, ಮೂತಿ ನೆಲಕ್ಕಿಂತ ಎಷ್ಟು ಮೇಲಕ್ಕಿದೆ ಎಂಬ ಮೊದಲಿನ 15 ಡಿಗ್ರಿಯಲ್ಲ. ಎಂಜಿನ್ನುಗಳು ಚೆನ್ನಾಗಿ ಓಡುತ್ತಿದ್ದರೂ ಸ್ಟಾಲ್ ಆಗಬಹುದು.

ಇದಕ್ಕೆ ಅತ್ಯಂತ ನೋವಿನ ಉದಾಹರಣೆ ರಿಯೊದಿಂದ ಪ್ಯಾರಿಸ್‌ಗೆ ಹೊರಟು 2009ರ ಜೂನ್ 1ರಂದು ಬಿದ್ದ ಏರ್‌ಬಸ್ 330. ವೇಗ ಅಳೆಯುವ ಪಿಟೊ ಕೊಳವೆಗಳಲ್ಲಿ ಮಂಜುಗಡ್ಡೆ ಕಟ್ಟಿ ವೇಗದ ಮಾಹಿತಿ ಕೆಟ್ಟಿತು, ಆಟೊಪೈಲಟ್ ಕೈಬಿಟ್ಟಿತು, ಗೊಂದಲದಲ್ಲಿ ಒಬ್ಬ ಪೈಲಟ್ ಮೂತಿಯನ್ನು ಮೇಲಕ್ಕೆ ಎಳೆದು ಹಿಡಿದರು. ಎಚ್ಚರಿಕೆಯ ಧ್ವನಿ "ಸ್ಟಾಲ್, ಸ್ಟಾಲ್" ಎಂದು ಮತ್ತೆ ಮತ್ತೆ ಹೇಳುತ್ತಿತ್ತು. ಎಂಜಿನ್ನುಗಳು ಕೊನೆಯವರೆಗೂ ಓಡುತ್ತಿದ್ದವು. ಸುಮಾರು 38,000 ಅಡಿಯಿಂದ ಮೂರೂವರೆ ನಿಮಿಷದಲ್ಲಿ ವಿಮಾನ ಅಟ್ಲಾಂಟಿಕ್‌ಗೆ ಬಿದ್ದು 228 ಮಂದಿ ಸತ್ತರು. ಮೂತಿಯನ್ನು ಕೆಳಕ್ಕೆ ಇಳಿಸಿ ರೆಕ್ಕೆಯ ಓರೆಯನ್ನು ತಗ್ಗಿಸುವುದೇ ಸ್ಟಾಲ್‌ಗೆ ಮದ್ದು. ಆ ದುರಂತದ ನಂತರ ಜಗತ್ತಿನಾದ್ಯಂತ ತರಬೇತಿ ಬದಲಾಗಿದೆ. ನಿಮ್ಮ ವಿಮಾನ ಬಲ ತುಂಬಿಕೊಂಡು ಸಲೀಸಾಗಿ ಏರಿತು, ಸ್ಟಾಲ್ ಆದ ರೆಕ್ಕೆ ಹಾಗೆ ಏರುವುದಿಲ್ಲ.

ಏರ್ ಪಾಕೆಟ್ ಎಂದು ಜನ ಕರೆಯುವುದು ಕೆಳಮುಖವಾಗಿ ಸಾಗುವ ಗಾಳಿಯ ಒಂದು ಪಟ್ಟಿ. ಗಾಳಿಯೇ ಇಲ್ಲದ ಹೊಂಡ ಎಲ್ಲಿಯೂ ಇರುವುದಿಲ್ಲ. ಸಾವಿರ ಅಡಿ ಬಿದ್ದೆವು ಎಂದು ಪ್ರಯಾಣಿಕರು ಹೇಳುವಾಗ ಅದು ಹೆಚ್ಚಾಗಿ ಕೆಲವು ಹತ್ತು ಅಡಿಗಳಷ್ಟೇ ಆಗಿರುತ್ತದೆ. ರೆಕ್ಕೆ ಮುರಿಯುತ್ತದೆಯೇ ಎಂಬ ಭಯವನ್ನು ಬಿಟ್ಟುಬಿಡಿ. ಬೋಯಿಂಗ್ 787ರ ಪರೀಕ್ಷೆಯಲ್ಲಿ, ಹಾರಾಟದಲ್ಲಿ ಬರಬಹುದಾದ ಅತಿ ಹೆಚ್ಚಿನ ಭಾರದ ಒಂದೂವರೆ ಪಟ್ಟು ಹೇರಿದಾಗ ರೆಕ್ಕೆಗಳು ಸುಮಾರು 25 ಅಡಿ ಮೇಲಕ್ಕೆ ಬಾಗಿದವು, ಮುರಿಯಲಿಲ್ಲ. ನಿಜವಾದ ಅಪಾಯ ಬೆಲ್ಟ್ ಹಾಕಿಕೊಳ್ಳದ ಮನುಷ್ಯನಿಗೆ. 2024ರ ಮೇ 21ರಂದು ಲಂಡನ್‌ನಿಂದ ಸಿಂಗಪುರಕ್ಕೆ ಹೊರಟಿದ್ದ ವಿಮಾನ ತೀವ್ರ ಟರ್ಬುಲೆನ್ಸ್‌ಗೆ, ಅಂದರೆ ಗಾಳಿಯ ಕುಲುಕಾಟಕ್ಕೆ, ಸಿಕ್ಕಿ ಬ್ಯಾಂಕಾಕ್‌ನಲ್ಲಿ ಇಳಿಯಿತು. ಒಬ್ಬ ಪ್ರಯಾಣಿಕರು ತೀರಿಕೊಂಡರು, ಹಲವರು ಗಾಯಗೊಂಡರು. ವಿಮಾನ ಮಾತ್ರ ಹಾರಿಕೊಂಡೇ ಹೋಗಿ ಇಳಿಯಿತು.

ಪದಗಳು ಅಪಾಯವನ್ನು ಮುಚ್ಚಿಡುತ್ತವೆಯೇ ಎಂಬ ಪ್ರಶ್ನೆಗೆ ಈಗ ಬರುತ್ತೇನೆ. ಈ ಪದಗಳು ಹುಟ್ಟಿದ್ದು ಪ್ರಯಾಣಿಕರಿಗಾಗಿ ಅಲ್ಲ, ಪೈಲಟ್ ಮತ್ತು ಟವರ್ ನಡುವೆ ಎರಡು ಅರ್ಥ ಬರದಿರಲಿ ಎಂದು. 1977ರ ಮಾರ್ಚ್ 27ರಂದು ಟೆನೆರಿಫೆಯಲ್ಲಿ ಮಂಜು ಕವಿದ ರನ್‌ವೇ ಮೇಲೆ ಎರಡು ಬೋಯಿಂಗ್ 747ಗಳು ಡಿಕ್ಕಿಯಾಗಿ 583 ಮಂದಿ ಸತ್ತರು. ಓಟ ಶುರು ಮಾಡಿದ್ದ ವಿಮಾನದಿಂದ ಬಂದ "ನಾವೀಗ ಟೇಕ್-ಆಫ್‌ನಲ್ಲಿದ್ದೇವೆ" ಎಂಬರ್ಥದ ಮಾತನ್ನು ಟವರ್, ಅವರು ಟೇಕ್-ಆಫ್ ಜಾಗದಲ್ಲಿ ಕಾಯುತ್ತಿದ್ದಾರೆ ಎಂದು ತಿಳಿದುಕೊಂಡಿತು. ಅಂದಿನಿಂದ ಅನುಮತಿ ಕೊಡುವಾಗ ಅಥವಾ ಹಿಂತೆಗೆಯುವಾಗ ಮಾತ್ರ 'ಟೇಕ್-ಆಫ್' ಎಂಬ ಪದ. ಉಳಿದೆಲ್ಲ ಕಡೆ 'ಡಿಪಾರ್ಚರ್'. 1990ರ ಜನವರಿಯಲ್ಲಿ ನ್ಯೂಯಾರ್ಕ್ ಬಳಿ ಕೊಲಂಬಿಯಾದ ವಿಮಾನವೊಂದು ಇಂಧನ ತೀರಿ ಬಿದ್ದು 73 ಮಂದಿ ಸತ್ತಾಗಲೂ ಹಾಗೆಯೇ. ಇಂಧನ ಮುಗಿಯುತ್ತಿದೆ ಎಂದು ಅವರು ಹೇಳಿದ್ದರು, ಎಮರ್ಜೆನ್ಸಿ ಎಂಬ ಪದ ಬಳಸಿರಲಿಲ್ಲ. ಈಗ 'ಮೇಡೇ ಫ್ಯೂಯೆಲ್' ಎಂದರೆ ಅರ್ಥ ಒಂದೇ: ಇಳಿಯುವ ಹೊತ್ತಿಗೆ, ಮುಟ್ಟಬಾರದೆಂದು ಇಟ್ಟ 30 ನಿಮಿಷದ ಇಂಧನಕ್ಕಿಂತ ಕಡಿಮೆ ಉಳಿಯುವ ಸಂಭವವಿದೆ, ದಾರಿ ಬಿಡಿ. 2025ರ ಜೂನ್‌ನಲ್ಲಿ ಗುವಾಹಟಿಯಿಂದ ಚೆನ್ನೈಗೆ ಹೊರಟ ವಿಮಾನ ಈ ಕರೆ ಕೊಟ್ಟು ಬೆಂಗಳೂರಿನಲ್ಲಿ ಇಳಿದಾಗ ಟಿವಿಯವರು ಸಾವಿನ ದವಡೆ ಎಂದೆಲ್ಲ ಕೂಗಿದರು. ನನ್ನ ಮಟ್ಟಿಗೆ ಅದು ಸಂಕೋಚ ಬಿಟ್ಟು ಸರಿಯಾದ ಪದವನ್ನು ಸರಿಯಾದ ಹೊತ್ತಿಗೆ ಬಳಸಿದ ಪ್ರಸಂಗ.

ಪ್ರಯಾಣಿಕರೊಂದಿಗೆ ಮಾತಾಡುವಾಗ ಮಾತ್ರ ನಮ್ಮವರು ಸೋಲುತ್ತಾರೆ ಎಂಬ ನಿಮ್ಮ ದೂರನ್ನು ಒಪ್ಪುತ್ತೇನೆ. ಟವರ್ ಜೊತೆ ಬಳಸುವ ಪದವನ್ನೇ ಎತ್ತಿ ಮೈಕಿನಲ್ಲಿ ಒಗೆದರೆ ಹೆದರಿಕೆ ಹೆಚ್ಚುತ್ತದೆ. "ಗಾಳಿ ಸರಿಯಿರಲಿಲ್ಲ, ಹಾಗಾಗಿ ಇಳಿಯಲಿಲ್ಲ, ಕಾಲು ಗಂಟೆಯಲ್ಲಿ ಮತ್ತೆ ಬರುತ್ತೇವೆ" ಎಂದಿದ್ದರೆ ನೀವು ನನಗೆ ಪತ್ರ ಬರೆಯುತ್ತಿರಲಿಲ್ಲ.

ದೀಪಾವಳಿಯ ಪ್ರಯಾಣ. ಉಡುಪಿಯ ಇಂದ್ರಾಳಿ ನಿಲ್ದಾಣದಲ್ಲಿ ಮತ್ಸ್ಯಗಂಧ ರೈಲು ಹತ್ತಿದರೆ ಬೆಳಗಾಗುವುದು ಮುಂಬೈಯಲ್ಲಿ. ಅಷ್ಟು ಹೊತ್ತು ಕೂತು ಮಲಗಿ ಹೋಗಲು ಮೈ ಒಪ್ಪಿದರೆ ಹೋಗಿ, ಒಳ್ಳೆಯ ದಾರಿ. ಆದರೆ ವಿಮಾನ ಅಪಾಯ ಎಂಬ ಕಾರಣಕ್ಕೆ ರೈಲು ಹಿಡಿಯಬೇಡಿ. ಲೆಕ್ಕ ಹಾಕುವುದಾದರೆ, ನಿಮ್ಮ ವಿಮಾನ ಪ್ರಯಾಣದಲ್ಲಿ ನನಗೆ ಹೆಚ್ಚು ಚಿಂತೆ ತರುವುದು ಉಡುಪಿಯಿಂದ ಬಜಪೆಗೆ ಹೆದ್ದಾರಿಯಲ್ಲಿ ಟ್ಯಾಕ್ಸಿಯಲ್ಲಿ ಹೋಗುವ ದಾರಿ. ಅಲ್ಲೂ ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಕೊಳ್ಳಿ.

ವಿಮಾನವಾದರೆ ಬೆಳಗಿನದು ನೋಡಿ. ಅಕ್ಟೋಬರ್, ನವೆಂಬರ್‌ನಲ್ಲಿ ಕರಾವಳಿಯಲ್ಲಿ ಗುಡುಗಿನ ಮೋಡ ಕಟ್ಟುವುದು ಹೆಚ್ಚಾಗಿ ಮಧ್ಯಾಹ್ನದ ಮೇಲೆ. ಬೆಳಗ್ಗೆ ಹಾರಿದರೆ ಕುಲುಕಾಟ ಕಡಿಮೆ, ತಡವಾದರೂ ಮುಂದೆ ಹಗಲಿರುತ್ತದೆ. ರೆಕ್ಕೆಯ ನೇರಕ್ಕಿರುವ ಸೀಟಿನಲ್ಲಿ ಕುಲುಕಾಟ ಕಡಿಮೆ, ಬಾಲದ ಕಡೆ ಹೆಚ್ಚು. ಇದು ಹಿತದ ಮಾತು. ಈ ಸೀಟು ಸುರಕ್ಷಿತ, ಆ ಸೀಟು ಅಲ್ಲ ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಕೂತಿರುವಷ್ಟು ಹೊತ್ತೂ, ಬೆಲ್ಟ್ ಹಾಕಿ ಎನ್ನುವ ದೀಪ ಆರಿದ್ದರೂ, ಬೆಲ್ಟ್ ಸಡಿಲವಾಗಿಯಾದರೂ ಇರಲಿ. ಭಯಕ್ಕೆಂದು ನೆರೆಯವರು ಕೊಡುವ ನಿದ್ದೆ ಮಾತ್ರೆ ನುಂಗಬೇಡಿ, ಬೇಕೆಂದರೆ ನಿಮ್ಮ ಡಾಕ್ಟರನ್ನು ಕೇಳಿ.

ಎರಡನೆಯ ಪ್ರಯತ್ನವೂ ಆಗದಿದ್ದರೆ ವಿಮಾನ ಬೆಂಗಳೂರಿಗೋ ಕೊಚ್ಚಿಗೋ ಹೋಗಬಹುದು. ಅದಕ್ಕೆ ಬೇಕಾದ ಇಂಧನ ಹೊರಡುವಾಗಲೇ ತುಂಬಿಸಿರುತ್ತಾರೆ. ಅಲ್ಲಿ ಕೆಲವೊಮ್ಮೆ ನಿಮ್ಮನ್ನು ಒಳಗೇ ಕೂರಿಸಿ, ಹವೆ ತಿಳಿಯಾದ ಮೇಲೆ ಮತ್ತೆ ಮಂಗಳೂರಿಗೆ ಹೊರಡುತ್ತಾರೆ. ಪೈಲಟ್‌ಗಳ ಕೆಲಸದ ಅವಧಿ ಮುಗಿದಿದ್ದರೆ ಬೇರೆಯವರು ಬರುವ ತನಕ ಕಾಯಬೇಕು, ರಾತ್ರಿಯಾಗಬಹುದು. ರಕ್ತದೊತ್ತಡದ ಮಾತ್ರೆ ಇದ್ದರೆ ಎರಡು ದಿನಕ್ಕಾಗುವಷ್ಟು ಕೈಚೀಲದಲ್ಲೇ ಇಟ್ಟುಕೊಳ್ಳಿ. ಲಗೇಜಿನಲ್ಲಿ ಹಾಕಿದರೆ ಅದು ವಿಮಾನದ ಹೊಟ್ಟೆಯಲ್ಲಿ ಉಳಿಯುತ್ತದೆ, ಬೇಕಾದಾಗ ನಿಮ್ಮ ಕೈಗೆ ಸಿಗುವುದಿಲ್ಲ.